ಕಣ್ಣು ಮುಚ್ಚಿ ಕಥೆ ಹೇಳುವ ಅಜ್ಜ

ಗೇಣುದ್ದದ ಒಂದು ಮಣ್ಣಿನ ಗೊಂಬೆ. ಕಾಲು ಮುಂದಕ್ಕೆ ಚಾಚಿ ಕೂತ ಒಬ್ಬ ಅಜ್ಜ. ಮುಖ ತುಸು ಮೇಲಕ್ಕೆತ್ತಿದ್ದಾನೆ, ಕಣ್ಣು ಮುಚ್ಚಿದ್ದಾನೆ, ಬಾಯಿ ಮಾತ್ರ ದುಂಡಗೆ ತೆರೆದಿದೆ. ಮೈಮೇಲೆಲ್ಲ ಮಕ್ಕಳು. ಹೆಗಲ ಮೇಲೆ ಒಂದು, ತೊಡೆಯ ಮೇಲೆ ಒಂದು, ತೋಳಿಗೆ ಜೋತುಬಿದ್ದದ್ದು ಇನ್ನೊಂದು. ಅಜ್ಜ ಯಾರನ್ನೂ ಗದರುತ್ತಿಲ್ಲ, ಕೆಳಗಿಳಿಸುತ್ತಲೂ ಇಲ್ಲ. ತನ್ನ ಪಾಡಿಗೆ ತಾನು ಕಥೆ ಹೇಳುತ್ತಿದ್ದಾನೆ.

ಈ ಗೊಂಬೆಯ ಚಿತ್ರ ನನ್ನ ಕಣ್ಣಿಗೆ ಬಿದ್ದದ್ದು ಒಂದು ದಸರೆಯ ಹೊತ್ತಿನಲ್ಲಿ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವಷ್ಟು ಜಾಗವಿಲ್ಲ. ಟಿವಿ ಇಡುವ ಹಲಗೆಯ ಮೇಲೆಯೇ ರಾಜ ರಾಣಿಯರ ಪಟ್ಟದ ಗೊಂಬೆ, ಪಕ್ಕದಲ್ಲಿ ನಾಲ್ಕು ಚನ್ನಪಟ್ಟಣದ ಗೊಂಬೆ. ಅವುಗಳ ಕಥೆ ಹೇಳಬೇಕಾದ ಅಜ್ಜ ಮೈಸೂರಿನಲ್ಲಿದ್ದಾರೆ, ಮಗಳಿಗೆ ಸಿಗುವುದು ಭಾನುವಾರದ ವಿಡಿಯೊ ಕರೆಯಲ್ಲಿ. ಬೇರೆ ದೇಶದವರು ಎಂಥ ಗೊಂಬೆ ಮಾಡುತ್ತಾರೆ ಎಂದು ಅವಳಿಗೆ ತೋರಿಸಲು ಹುಡುಕುತ್ತಿದ್ದಾಗ ಈ ಅಜ್ಜ ಸಿಕ್ಕ. ಅವನನ್ನು ಮಾಡಿದವರು ಹೆಲೆನ್ ಕೊರ್ಡೆರೊ. ಅಮೆರಿಕದ ಮೂಲನಿವಾಸಿಗಳ ಕಲೆಯಲ್ಲಿ ದೊಡ್ಡ ಹೆಸರು, ನಮ್ಮ ಕಡೆ ಅಷ್ಟಾಗಿ ಕೇಳಿಬಂದದ್ದಲ್ಲ. ಅಂದಿನಿಂದ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಹೆಲೆನ್ ಹುಟ್ಟಿದ್ದು 1915ರಲ್ಲಿ, ನ್ಯೂ ಮೆಕ್ಸಿಕೊ ರಾಜ್ಯದ ಕೊಚಿಟಿ ಎಂಬ ಊರಿನಲ್ಲಿ. ರಾಜಧಾನಿ ಸಾಂತಾ ಫೆಯ ನೈಋತ್ಯಕ್ಕೆ, ರಿಯೊ ಗ್ರ್ಯಾಂಡ್ ನದಿಯ ದಡದಲ್ಲಿ ಈ ಊರಿದೆ. ಆ ಸೀಮೆಯ ಮೂಲನಿವಾಸಿಗಳು ಗುಡಾರ ಹೊತ್ತು ಅಲೆಯುತ್ತಿದ್ದವರಲ್ಲ. ಹಸಿ ಇಟ್ಟಿಗೆಯ ಮನೆ ಕಟ್ಟಿಕೊಂಡು, ಕಾಲುವೆ ತೋಡಿ, ಜೋಳ ಬೆಳೆದುಕೊಂಡು ಬಂದ ಒಕ್ಕಲು ಜನ. ಹಾಗಾಗಿಯೇ ಸ್ಪೇನಿನವರು ಅವರ ನೆಲೆಗಳನ್ನು ಪ್ಯುಬ್ಲೊ, ಅಂದರೆ ಊರು, ಎಂದೇ ಕರೆದರು. ಆ ರಾಜ್ಯದಲ್ಲಿ ಇಂದಿಗೂ ಅಂಥ 19 ಊರುಗಳಿವೆ. ಕೊಚಿಟಿಯವರ ಮಾತು ಕೆರೆಸ್. ಪಕ್ಕದ ಕೆಲವು ಊರುಗಳಲ್ಲೂ ಅದೇ ಮಾತಿದೆ, ಆದರೆ ಊರಿಂದೂರಿಗೆ ಧಾಟಿ ಬೇರೆ.

ಹೆಲೆನ್ ಹುಟ್ಟಿದ ಮನೆತನ ಕ್ವಿಂಟಾನಾ. ಅವರ ಅಜ್ಜ ಸಾಂಟಿಯಾಗೊ ಕ್ವಿಂಟಾನಾ ಆ ಊರಿನ ಹೆಸರಾಂತ ಕಥೆಗಾರ. ಬರೆಯುವ ಕಥೆಗಾರರಲ್ಲ, ಹೇಳುವ ಕಥೆಗಾರರು. ಮನೆಯಲ್ಲಿ ಅವರು ಕೂತರೆ ಸಾಕು, ಮೊಮ್ಮಕ್ಕಳು ಮೈಮೇಲೆ ಹತ್ತುತ್ತಿದ್ದರಂತೆ. ಆ ಮಕ್ಕಳ ಗುಂಪಿನಲ್ಲಿ ಹೆಲೆನ್ ಕೂಡ ಒಬ್ಬಳು. ಹೊರಗಿನಿಂದ ಬಂದ ವಿದ್ವಾಂಸರಿಗೂ ಈ ಅಜ್ಜನೇ ಬೇಕಾಗುತ್ತಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಡಾಲ್ಫ್ ಬ್ಯಾಂಡೆಲಿಯರ್ ಬಂದರು, 1920ರ ದಶಕದಲ್ಲಿ ರೂತ್ ಬೆನೆಡಿಕ್ಟ್ ಬಂದರು. ಬೆನೆಡಿಕ್ಟ್ ಅಲ್ಲಿ ಸಂಗ್ರಹಿಸಿದ ಕೊಚಿಟಿ ಕಥೆಗಳು 1931ರಲ್ಲಿ ಪುಸ್ತಕವಾಗಿ ಬಂದವು. ಊರಿನ ಗುಟ್ಟುಗಳನ್ನು ಹೊರಗಿನವರಿಗೆ ಹೇಳುವುದು ಅಲ್ಲಿ ಸಲೀಸಾದ ಮಾತಾಗಿರಲಿಲ್ಲ. ಹೇಗೂ ಬರೆಯುತ್ತಾರೆ, ಬರೆದರೆ ಸರಿಯಾಗಿಯಾದರೂ ಬರೆಯಲಿ ಎಂಬುದು ಅಜ್ಜನ ನಿಲುವಾಗಿತ್ತು.

ಮುಂದಿನ ಮೂವತ್ತು ವರ್ಷಗಳನ್ನು ನಾನು ಬೇಗ ದಾಟಿಬಿಡುತ್ತೇನೆ. ಹೆಲೆನ್ ಮದುವೆಯಾದದ್ದು ಅದೇ ಊರಿನ ಫರ್ನಾಂಡೊ ಕೊರ್ಡೆರೊ ಅವರನ್ನು. ಎಲ್ಲರ ಬಾಯಲ್ಲಿ ಫ್ರೆಡ್. ಮರದ ಕಾಂಡ ಕೊರೆದು ಚರ್ಮ ಬಿಗಿದು ಮಾಡುವ ಡೋಲಿಗೆ ಕೊಚಿಟಿ ಹೆಸರುವಾಸಿ. ಫ್ರೆಡ್ ಅಂಥ ಡೋಲು ಮಾಡುವವರು, ಊರಿನ ಗವರ್ನರ್ ಸ್ಥಾನದಲ್ಲಿಯೂ ಇದ್ದವರು. ಮನೆ, ಮಕ್ಕಳು, ಹೊಲ, ಹಬ್ಬದ ಅಡುಗೆ. ನಲವತ್ತು ದಾಟುವವರೆಗೆ ಹೆಲೆನ್ ಕೊರ್ಡೆರೊ ಕಲಾವಿದೆ ಎಂದು ಯಾರೂ ಕರೆದಿರಲಿಲ್ಲ.

1950ರ ದಶಕದಲ್ಲಿ ಕೈಖರ್ಚಿಗೆಂದು ಅವರು ಹಿಡಿದದ್ದು ಮಣಿ ಕೆಲಸ. ಜೊತೆಗೆ ಫ್ರೆಡ್ ಕಡೆಯ ಸಂಬಂಧಿ ಹುವಾನಿಟಾ ಅರ್ಕೆರೊ. ಇಬ್ಬರೂ ಕೂತು ಚರ್ಮದ ಮೇಲೆ ಸಣ್ಣ ಸಣ್ಣ ಗಾಜಿನ ಮಣಿ ಹೊಲಿದು ಮಾರುತ್ತಿದ್ದರು. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಲೆಕ್ಕ ಮಾತ್ರ ಕೂಡಿಬರುತ್ತಿರಲಿಲ್ಲ. ಮಣಿ ಅಂಗಡಿಯಿಂದ ತರಬೇಕು, ಚರ್ಮವನ್ನೂ ದುಡ್ಡು ಕೊಟ್ಟೇ ತರಬೇಕು. ಮಾರಿ ಬಂದ ಹಣದಲ್ಲಿ ಬಹುಪಾಲು ಮತ್ತೆ ಮಣಿಗೂ ಚರ್ಮಕ್ಕೂ ಹೋಗುತ್ತಿತ್ತು. ಇದನ್ನು ನೋಡಿ ನೋಡಿ ಮನೆಯ ಹಿರಿಯ ಹೆಂಗಸೊಬ್ಬರು ಬುದ್ಧಿ ಹೇಳಿದರು: ಮಡಕೆ ಮಾಡುವುದಕ್ಕೆ ಏನನ್ನೂ ಕೊಳ್ಳಬೇಕಿಲ್ಲ, ಬೇಕಾದ್ದನ್ನೆಲ್ಲ ಭೂಮಿತಾಯಿಯೇ ಕೊಡುತ್ತಾಳೆ, ಅದನ್ನೇಕೆ ಮಾಡಬಾರದು?

ಹುವಾನಿಟಾಗೆ ಚಿಕ್ಕಂದಿನಿಂದಲೂ ಕುಂಬಾರಿಕೆ ಗೊತ್ತಿತ್ತು. ಹೆಲೆನ್ ಆಕೆಯ ಹತ್ತಿರ ಆರು ತಿಂಗಳು ಕಲಿತರು. ಅಲ್ಲಿ ನಮ್ಮ ಕುಂಬಾರರ ತಿಗರಿ ಇಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಕೈಯಿಂದಲೇ ಸವರಿ ನಯ ಮಾಡಬೇಕು. ಹೆಲೆನ್ ಮಾಡಿದ ಬೋಗುಣಿಗಳು ಒಂದೂ ನೆಟ್ಟಗಿರಲಿಲ್ಲ. ಒಂದು ಬಲಕ್ಕೆ ವಾಲಿದರೆ ಇನ್ನೊಂದು ಎಡಕ್ಕೆ. ಇನ್ನು ಸಾಕು, ಮಣಿ ಕೆಲಸಕ್ಕೇ ಹಿಂದಿರುಗುತ್ತೇನೆ ಎನ್ನುವ ಹಂತಕ್ಕೆ ಬಂದಿದ್ದರು. ಆಗ ಹುವಾನಿಟಾ, ಬೋಗುಣಿ ಬಿಟ್ಟು ಗೊಂಬೆ ಮಾಡಿ ನೋಡು ಎಂದರು. ಮೊದಲು ಕಪ್ಪೆ, ಹಕ್ಕಿ, ಸಣ್ಣಪುಟ್ಟ ಪ್ರಾಣಿಗಳು ಬಂದವು. ಆಮೇಲೆ ಪುಟಾಣಿ ಮನುಷ್ಯರು. ಬೋಗುಣಿಯಲ್ಲಿ ಸೋತ ಕೈಯಲ್ಲಿ ಈ ಪುಟ್ಟ ಜನ ಒಬ್ಬರಾದ ಮೇಲೆ ಒಬ್ಬರು ಸರಾಗವಾಗಿ ಎದ್ದು ಬಂದರು.

ಕೊಚಿಟಿಯ ಗೊಂಬೆಗಳಿಗೂ ಒಂದು ಹಿನ್ನೆಲೆ ಇದೆ. 1880ರ ಸುಮಾರಿಗೆ ಆ ಪ್ರದೇಶಕ್ಕೆ ರೈಲು ಬಂತು, ಅದರ ಹಿಂದೆಯೇ ವ್ಯಾಪಾರಿಗಳು, ಪ್ರವಾಸಿಗರು, ಸರ್ಕಸ್ಸಿನವರು, ಪಾದ್ರಿಗಳು. ಕೊಚಿಟಿಯ ಹೆಂಗಸರು ಸುಮ್ಮನಿರಲಿಲ್ಲ. ಬಂದವರನ್ನೆಲ್ಲ ಮಣ್ಣಿನಲ್ಲಿ ಅಣಕಿಸಿ, ಆ ಅಣಕವನ್ನು ಅವರಿಗೇ ಮಾರಿದರು. ಕೋಟು ತೊಟ್ಟ ದೊರೆ, ಬಾಯಿ ತೆರೆದ ಹಾಡುಗಾರ, ಹೊಟ್ಟೆ ಬಿಟ್ಟ ಪಾದ್ರಿ! ಕೊಂಡವರಿಗೆ ಇದು ತಮ್ಮದೇ ಚಿತ್ರವೆಂದು ಹೊಳೆಯಿತೋ ಇಲ್ಲವೋ. ವ್ಯಾಪಾರಿಗಳು ಇವನ್ನು ಮೊನೊ ಎಂದು ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ ಅದರರ್ಥ ಕೋತಿ, ಅಣಕಿಸುವವನು. ವಿದ್ವಾಂಸರಂತೂ ಪ್ರವಾಸಿಗಳಿಗೆ ಮಾರುವ ಅಗ್ಗದ ಸಾಮಾನು ಎಂದು ಮೂಗು ಮುರಿದರು, ಮಡಕೆಗಳನ್ನು ಮಾತ್ರ ಮ್ಯೂಸಿಯಂಗೆ ಕೊಂಡೊಯ್ದರು. ಹೆಲೆನ್ ಗೊಂಬೆಗೆ ಕೈ ಹಾಕುವ ಹೊತ್ತಿಗೆ ಊರಿನಲ್ಲಿ ಈ ಕಸುಬು ಬಹಳ ಕ್ಷೀಣಿಸಿತ್ತು. ಉಳಿದಿದ್ದ ಒಂದೆರಡು ಬಗೆಗಳಲ್ಲಿ ಹಾಡುವ ತಾಯಿ ಎಂಬುದೊಂದು: ತೊಡೆಯ ಮೇಲೆ ಒಂದು ಮಗುವನ್ನು ಇಟ್ಟುಕೊಂಡು ಹಾಡುತ್ತಿರುವ ಹೆಂಗಸು.

ನೆರೆಯ ಸಾಂಟೊ ಡೊಮಿಂಗೊ ಊರಿನ ಹಬ್ಬದಲ್ಲಿ ಹೆಲೆನ್ ಮೊದಲ ಸಲ ತಮ್ಮ ಗೊಂಬೆಗಳನ್ನು ಮಾರಾಟಕ್ಕಿಟ್ಟರು. ಅಲ್ಲಿಗೆ ಬಂದ ಅಲೆಕ್ಸಾಂಡರ್ ಜಿರಾರ್ಡ್ ಅಷ್ಟನ್ನೂ ಕೊಂಡುಬಿಟ್ಟರು. ಜಿರಾರ್ಡ್ ಸಾಮಾನ್ಯ ಗಿರಾಕಿಯಲ್ಲ. ಹೆಸರಾಂತ ವಿನ್ಯಾಸಕಾರ, ಜಗತ್ತಿನ ಮೂಲೆ ಮೂಲೆಗಳಿಂದ ಜನಪದ ಗೊಂಬೆ, ಆಟಿಕೆ, ಬಟ್ಟೆ ಸಂಗ್ರಹಿಸುವ ಹುಚ್ಚಿನವರು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ 1955ರಲ್ಲಿ ನಡೆದ ಭಾರತದ ಬಟ್ಟೆ ಮತ್ತು ಅಲಂಕಾರ ಕಲೆಗಳ ಪ್ರದರ್ಶನಕ್ಕೆ ವಿನ್ಯಾಸ ಮಾಡಿದ್ದವರೂ ಇವರೇ. ಅವರು ಹೆಲೆನ್‌ಗೆ ಇನ್ನಷ್ಟು ಗೊಂಬೆ ಮಾಡಿಕೊಡಲು ಹೇಳಿದರು. ಯೇಸುವಿನ ಜನನದ ದೃಶ್ಯಕ್ಕೆಂದು 250 ಗೊಂಬೆಗಳ ಒಂದು ಸೆಟ್ಟನ್ನು ಮಾಡಿಸಿದರು. ನಂತರ ಒಂದು ದೊಡ್ಡ ಗೊಂಬೆ ಬೇಕೆಂದರು, ಕೂತಿರಬೇಕು, ಮಕ್ಕಳಿರಬೇಕು.

ಹಾಡುವ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಜಿರಾರ್ಡ್ ಹಾಗೆ ಕೇಳಿರಬೇಕು ಎಂಬುದು ನನ್ನ ಊಹೆ. ಬೇರೆ ಯಾರಾದರೂ ಆಗಿದ್ದರೆ ತಾಯಿಯನ್ನೇ ಇನ್ನೂ ಸ್ವಲ್ಪ ದೊಡ್ಡದಾಗಿ ಮಾಡಿ, ತೊಡೆಯ ಮೇಲೆ ಇನ್ನೆರಡು ಮಗು ಕೂರಿಸಿ ಕೊಡುತ್ತಿದ್ದರೇನೋ. ಹೆಲೆನ್ ಮನೆಗೆ ಹೋಗಿ ಯೋಚಿಸಿದಾಗ ಕಣ್ಣಮುಂದೆ ಬಂದದ್ದು ಅಜ್ಜ, ಅವರ ಮೈಮೇಲೆ ಹತ್ತಿ ಕೂತ ಮೊಮ್ಮಕ್ಕಳು. 1964ರಲ್ಲಿ ಆ ಗೊಂಬೆ ಆಯಿತು. ಒಬ್ಬ ಅಜ್ಜ, ಐದು ಮಕ್ಕಳು. ಕಣ್ಣು ಮುಚ್ಚಿರುವುದು ಅಜ್ಜ ಯೋಚಿಸುತ್ತಿದ್ದಾರೆ ಎಂಬುದಕ್ಕೆ, ಬಾಯಿ ತೆರೆದಿರುವುದು ಹಾಡುತ್ತಿದ್ದಾರೆ ಎಂಬುದಕ್ಕೆ. ಯಾರೇ ಕೇಳಿದರೂ ಹೆಲೆನ್ ಕೊಡುತ್ತಿದ್ದ ವಿವರಣೆ ಇಷ್ಟೇ. ಆಗ ಅವರಿಗೆ 49 ವರ್ಷ.

ಆ ವರ್ಷವೇ ನ್ಯೂ ಮೆಕ್ಸಿಕೊ ರಾಜ್ಯದ ಮೇಳದಲ್ಲಿ ಅವರ ಕಥೆ ಹೇಳುವ ಗೊಂಬೆಗಳಿಗೆ ಮೊದಲ, ಎರಡನೆಯ, ಮೂರನೆಯ ಬಹುಮಾನ, ಮೂರೂ ಬಂದವು. ಮರುವರ್ಷ ಸಾಂತಾ ಫೆಯ ಇಂಡಿಯನ್ ಮಾರ್ಕೆಟ್‌ನಲ್ಲಿ ಪ್ರಥಮ ಬಹುಮಾನ. ಅಲ್ಲಿಂದ ಮುಂದೆ ಸಾಲುಸಾಲು ಬೇಡಿಕೆ. ಅಜ್ಜನ ಮೈಮೇಲಿನ ಮಕ್ಕಳ ಸಂಖ್ಯೆಯೂ ಏರುತ್ತ ಹೋಯಿತು, ಕೆಲವು ಗೊಂಬೆಗಳಲ್ಲಿ ಮೂವತ್ತರವರೆಗೆ ಮುಟ್ಟಿತು.

ಈ ಗೊಂಬೆ ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಣ್ಣು ಅಂಗಡಿಯಲ್ಲಿ ಸಿಗುವುದಲ್ಲ, ಊರ ಸುತ್ತಲಿನ ಗುಡ್ಡದಿಂದ ಅಗೆದು ತರಬೇಕು. ಮೈಗೆ ಒಂದು ಮಣ್ಣು, ಮೇಲೆ ಬಳಿಯುವ ಬಿಳುಪಿಗೆ ಇನ್ನೊಂದು, ಕೆಂಪಿಗೆ ಮತ್ತೊಂದು. ಅಗೆಯುವ ಮುನ್ನ ಪ್ರಾರ್ಥನೆ. ಹೆಲೆನ್‌ಗೆ ಮಣ್ಣು ಬರಿಯ ಸಾಮಾನಾಗಿರಲಿಲ್ಲ, ಜೀವವಿರುವ ಒಂದು ವ್ಯಕ್ತಿ, ಕೆಲಸ ಮಾಡುತ್ತ ಅದರೊಡನೆ ಮಾತಾಡುತ್ತಿದ್ದರು. ತಂದ ಮಣ್ಣನ್ನು ಒಣಗಿಸಿ, ನೆನೆಸಿ, ಕಲ್ಲು ಕಸ ತೆಗೆದು, ನಾದಿ ಹದ ಮಾಡಬೇಕು. ಅಜ್ಜನ ಮೈ ಒಳಗೆ ಟೊಳ್ಳು. ಮಕ್ಕಳನ್ನು ಬೇರೆಯಾಗಿ ಮಾಡಿಕೊಂಡು, ಹಸಿಯಿರುವಾಗಲೇ ಒಂದೊಂದಾಗಿ ಅಂಟಿಸಬೇಕು. ಒಣಗಿದ ಮೇಲೆ ಬಿಳಿ ಮಣ್ಣಿನ ಲೇಪ. ಅಂಗಿ, ಕೂದಲು, ಪಾದರಕ್ಷೆಗಳಿಗೆ ಕೆಂಪು ಮತ್ತು ಕಪ್ಪು. ಕಪ್ಪು ಬರುವುದು ಒಂದು ಕಾಡುಗಿಡದಿಂದ. ಎಳೆಯ ಗಿಡ ತಂದು, ಗಂಟೆಗಟ್ಟಲೆ ಕುದಿಸಿ, ಬತ್ತಿಸಿ, ಗಟ್ಟಿ ಮಾಡಿ ಇಟ್ಟುಕೊಳ್ಳುತ್ತಾರೆ.

ಕೊನೆಯದು ಸುಡುವ ಕೆಲಸ, ಎದೆ ಹೊಡೆದುಕೊಳ್ಳುವುದು ಆಗಲೇ. ನಮ್ಮ ಕುಂಬಾರರ ಆವಿಗೆಯಂಥದ್ದೂ ಇಲ್ಲ, ಬಯಲಿನಲ್ಲೇ ಸುಡಬೇಕು. ಕೆಳಗೆ ದೇವದಾರಿನಂಥ ಮರದ ಸೌದೆ, ಗೊಂಬೆಗಳ ಸುತ್ತ ಮತ್ತು ಮೇಲೆ ದನದ ಒಣಸಗಣಿ. ನಮ್ಮಲ್ಲಿ ಬೆರಣಿ, ಕುರುಳು, ಕುಳ್ಳು ಎಂದು ಸೀಮೆಗೊಂದು ಹೆಸರಿನಲ್ಲಿ ಕರೆಯುತ್ತೇವಲ್ಲ, ಅದನ್ನೇ ಅಲ್ಲೂ ಉರಿಸುತ್ತಾರೆ. ಗಾಳಿ ಎದ್ದರೆ ಹೊಗೆ ಕಲೆ ಮಾಡುತ್ತದೆ. ಮಣ್ಣಿನಲ್ಲಿ ತೇವ ಉಳಿದಿದ್ದರೆ ಗೊಂಬೆ ಬಿರಿಯುತ್ತದೆ. ಇಪ್ಪತ್ತು ಮಕ್ಕಳನ್ನು ಹೊತ್ತ ಅಜ್ಜನಲ್ಲಿ ಒಂದು ಮಗುವಿನ ಕೈ ಸಿಡಿದರೂ ವಾರಗಟ್ಟಲೆಯ ಕೆಲಸ ಹೋಯಿತು. ಇಷ್ಟಾಗಿಯೂ ಹೆಲೆನ್ ಅಂಗಡಿ ಮಣ್ಣಿಗೂ, ವಿದ್ಯುತ್ ಗೂಡಿಗೂ ಒಲಿಯಲಿಲ್ಲ. ಅಂಥವುಗಳನ್ನು ಬಳಸಿ ಮಾಡಿದವರ ಗೊಂಬೆಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೂ ಇರಲಿಲ್ಲ.

ಅಂಥವರು ಬೇಗನೆ ಬಂದರು. ಅಜ್ಜನ ಗೊಂಬೆ ಮಾರಾಟವಾಗುತ್ತದೆ ಎಂದು ಗೊತ್ತಾದ ಮೇಲೆ ಮೊದಲು ಕೊಚಿಟಿಯಲ್ಲಿ, ಆಮೇಲೆ ಹೆಮೆಸ್, ಅಕೊಮಾ ಮುಂತಾದ ಊರುಗಳಲ್ಲಿ ಒಬ್ಬೊಬ್ಬರೇ ಅದನ್ನು ಮಾಡತೊಡಗಿದರು. 1980ರ ದಶಕದ ನಡುವಿನ ಹೊತ್ತಿಗೆ ಅಂಥವರ ಸಂಖ್ಯೆ ನೂರನ್ನು ದಾಟಿತ್ತು. ಅಜ್ಜನ ಜಾಗದಲ್ಲಿ ಅಜ್ಜಿ ಬಂದಳು, ತಾಯಿ ಬಂದಳು. ಕರಡಿ, ಗೂಬೆ, ಕಪ್ಪೆಗಳೂ ಮರಿಗಳನ್ನು ಹೊತ್ತು ಬಾಯಿ ತೆರೆದವು. ಅಂಗಡಿಗಳಲ್ಲಿ ಎಲ್ಲಕ್ಕೂ ಒಂದೇ ಹೆಸರು, ಸ್ಟೋರಿಟೆಲ್ಲರ್.

ಹೆಲೆನ್‌ಗೆ ಇದು ಸರಿಬರಲಿಲ್ಲ. ಅವರು ಅದನ್ನು ಮುಚ್ಚಿಡಲೂ ಇಲ್ಲ. ತನ್ನಂತೆಯೇ ಬೇರೆಯವರೂ ಗೊಂಬೆ ಮಾಡಿ ನಾಲ್ಕು ಕಾಸು ಸಂಪಾದಿಸಿದರು ಎಂಬುದಕ್ಕೆ ಅವರ ಸಿಟ್ಟು ಎಂದು ನನಗನ್ನಿಸುವುದಿಲ್ಲ. ಅವರ ತಕರಾರು ಹೆಸರಿನ ಬಗ್ಗೆ. ತಾನು ಮಾಡಿದ್ದು ಕಥೆ ಹೇಳುವ ಯಾರೋ ಒಬ್ಬನನ್ನಲ್ಲ, ಅವರು ತನ್ನ ಅಜ್ಜ. ಕಥೆ ಹೇಳುತ್ತಿದ್ದದ್ದು ಅವರು. ಹಾಗಿರುವಾಗ ಹೆಂಗಸನ್ನು ಕೂರಿಸಿ, ಕರಡಿಯನ್ನು ಕೂರಿಸಿ ಅದಕ್ಕೂ ಆ ಹೆಸರಿಟ್ಟರೆ ಹೆಸರಿಗೆ ಅರ್ಥವೇನು ಉಳಿಯಿತು? ತಾವೇ ಹಾಡುವ ತಾಯಿಯ ಗೊಂಬೆ ಮಾಡಿದಾಗ ಹೆಲೆನ್ ಅದನ್ನು ಹಾಡುವ ತಾಯಿ ಎಂದೇ ಕರೆದರು. ಆಮೆಯ ಬೆನ್ನ ಮೇಲೆ ಮಕ್ಕಳನ್ನು ಕೂರಿಸಿದರು, ಡೋಲು ಬಾರಿಸುವವನನ್ನು ಮಾಡಿದರು, ಮಕ್ಕಳು ಮೈಮೇಲೆ ಹತ್ತದೆ ಅಜ್ಜನ ಸುತ್ತ ಬಿಡಿಬಿಡಿಯಾಗಿ ಕೂತ ಗುಂಪನ್ನೂ ಮಾಡಿದರು. ಒಂದೊಂದಕ್ಕೂ ಅದರದೇ ಹೆಸರು.

ಓದುತ್ತ ಓದುತ್ತ ನಾನು ಎರಡೂ ಕಡೆ ವಾಲಿದ್ದೇನೆ. ಪ್ಯುಬ್ಲೊ ಹೆಂಗಸರ ಕೈಗೆ ಬರುತ್ತಿದ್ದ ಕಾಸು ಎಷ್ಟು, ಅದರಿಂದ ಒಂದು ಮನೆ ಹೇಗೆ ನಡೆಯುತ್ತಿತ್ತು ಎಂದು ನೋಡಿದರೆ, ಒಂದು ಗೊಂಬೆಯನ್ನು ನೂರು ಮನೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ಮನಸ್ಸು ಬರುವುದಿಲ್ಲ. ಹುವಾನಿಟಾ ಹೆಲೆನ್‌ಗೆ ಕಲಿಸಿದಾಗ ಇದು ನನ್ನ ವಿದ್ಯೆ ಎಂದು ಬಚ್ಚಿಟ್ಟುಕೊಳ್ಳಲಿಲ್ಲವಲ್ಲ. ಹೆಲೆನ್ ಕೂಡ ಹಾಡುವ ತಾಯಿ ಎಂಬ ಊರಿನ ಹಳೆಯ ಗೊಂಬೆಯನ್ನು ಬದಲಿಸಿಯೇ ತಮ್ಮ ಅಜ್ಜನನ್ನು ಕಂಡುಕೊಂಡದ್ದು. ಆದರೆ ಆಕೆಯ ಸಂಕಟವನ್ನೂ ತಳ್ಳಿಹಾಕಲಾರೆ. ನನ್ನ ಅಜ್ಜನ ಫೋಟೊ ತೆಗೆದುಕೊಂಡು ಮುಖ ಮಾತ್ರ ಬದಲಿಸಿ ಊರೆಲ್ಲ ಮಾರಿದರೆ ನನಗೆ ಹೇಗಾದೀತು?

ಗಂಡು, ಹೆಣ್ಣು ಎಂಬ ಮಾತಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅದನ್ನು ಗುರುತಿಸಿದವರು ಬಾರ್ಬರಾ ಬ್ಯಾಬ್‌ಕಾಕ್ ಎಂಬ ವಿದ್ವಾಂಸೆ. ಹಲವು ವರ್ಷ ಹೆಲೆನ್ ಜೊತೆ ಒಡನಾಡಿ ಅವರ ಬಗ್ಗೆ ಬರೆದವರು. ಪ್ಯುಬ್ಲೊಗಳಲ್ಲಿ ಮಣ್ಣಿನ ಕೆಲಸ ಹೆಂಗಸರದು. ಧಾರ್ಮಿಕ ಕಥನ, ಆಚರಣೆಯ ಮಾತು ಹೆಚ್ಚಾಗಿ ಗಂಡಸರ ಕೈಯಲ್ಲಿ. ಹೆಲೆನ್ ಸಭೆಯಲ್ಲಿ ನಿಂತು ಅಜ್ಜನ ಕಥೆಗಳನ್ನು ಹೇಳುವಂತಿರಲಿಲ್ಲ, ಆದರೆ ಅಜ್ಜನನ್ನೇ ಮಣ್ಣಿನಲ್ಲಿ ಮಾಡಬಹುದಿತ್ತು. ಯಾವ ಕಟ್ಟಳೆಯನ್ನೂ ಮುರಿದಂತೆ ಕಾಣದೆ, ಗಂಡಸರ ಪಾಲಿನ ಕಥೆಯನ್ನು ಹೆಂಗಸೊಬ್ಬಳು ತನ್ನ ಕೈಗೆ ತಂದುಕೊಂಡಳು ಎನ್ನುವುದು ಬ್ಯಾಬ್‌ಕಾಕ್ ಅವರ ವಾದ. ಹೆಲೆನ್‌ಗೆ ಈ ಬಗೆಯ ಮಾತುಗಳಲ್ಲಿ ಆಸಕ್ತಿ ಇದ್ದಂತಿಲ್ಲ. ಅವರು ಪ್ರತಿ ಸಲವೂ ಅಜ್ಜನಿಗೇ ಹಿಂದಿರುಗುತ್ತಿದ್ದರು.

ಅದೇ ಕಾಲದಲ್ಲಿ ಊರಿಗೆ ಬೇರೊಂದು ಸಂಕಟ ಬಂತು. 1965ರಲ್ಲಿ ಸರ್ಕಾರದ ಸೇನಾ ಎಂಜಿನಿಯರುಗಳು ಕೊಚಿಟಿಯವರ ನೆಲದಲ್ಲೇ, ಊರಿನ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟು ಕಟ್ಟತೊಡಗಿದರು. 1975ರಲ್ಲಿ ಅದು ಮುಗಿಯಿತು. ಪೂರ್ವಿಕರ ಪವಿತ್ರ ಜಾಗಗಳು ಹೋದವು. ಅಣೆಕಟ್ಟಿನಿಂದ ಜಿನುಗಿದ ನೀರು ಕೆಳಗಿನ ಹೊಲಗಳನ್ನು ಜೌಗು ಮಾಡಿತು, ವರ್ಷಗಟ್ಟಲೆ ಬೇಸಾಯ ನಿಂತಿತು. ಅಣೆಕಟ್ಟಿನ ಕೆಳಗೋ ಮೇಲೋ ಹೊಲ ಕಳೆದುಕೊಂಡ ಮನೆಯವರು ಈ ಅಂಕಣದ ಓದುಗರಲ್ಲೂ ಇದ್ದಾರು, ಹೆಚ್ಚು ವಿವರಿಸಬೇಕಿಲ್ಲ. ಹೊಲದ ಕೆಲಸ ತಪ್ಪಿದಾಗ ತಪ್ಪಿದ್ದು ಜೋಳವೊಂದೇ ಅಲ್ಲ. ಹೊಲದಲ್ಲಿ ಹಿರಿಯರ ಜೊತೆ ಕೆಲಸ ಮಾಡುತ್ತ ಮಕ್ಕಳು ಕಲಿಯುತ್ತಿದ್ದ ಮಾತೂ ತಪ್ಪಿತು. 1990ರ ದಶಕದಲ್ಲಿ ಊರವರು ಲೆಕ್ಕ ಹಾಕಿದಾಗ ಕೆರೆಸ್ ಸರಾಗವಾಗಿ ಆಡುವವರು ಹೆಚ್ಚಾಗಿ ವಯಸ್ಸಾದವರೇ ಆಗಿದ್ದರು. ಆಮೇಲೆ ಮಕ್ಕಳಿಗೆಂದು ಬರೀ ಕೆರೆಸ್‌ನಲ್ಲೇ ನಡೆಯುವ ಬೇಸಿಗೆ ಶಿಬಿರ ಶುರುವಾಯಿತು. ಅಲ್ಲಿ ಪುಸ್ತಕವಿಲ್ಲ, ಕರಿಹಲಗೆಯ ಬರಹವಿಲ್ಲ. ತಮ್ಮ ನುಡಿಯನ್ನು ಬರಹಕ್ಕಿಳಿಸುವುದು ಬೇಡ, ಬಾಯಿಂದ ಕಿವಿಗೇ ಹೋಗಲಿ ಎಂದು ಊರು ತೀರ್ಮಾನಿಸಿದೆ.

ಮನ್ನಣೆಗಳು ಕೊನೆಯವರೆಗೂ ಬರುತ್ತಲೇ ಇದ್ದವು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ದತ್ತಿ ಸಂಸ್ಥೆ ತನ್ನ ಪಾರಂಪರಿಕ ಕಲಾವಿದರ ಗೌರವಕ್ಕೆ ಹೆಲೆನ್ ಅವರನ್ನು ಆರಿಸಿತು. ಜಿರಾರ್ಡ್ ತಮ್ಮ ಒಂದು ಲಕ್ಷಕ್ಕೂ ಮೀರಿದ ಸಂಗ್ರಹವನ್ನು ಸಾಂತಾ ಫೆಯ ಅಂತರರಾಷ್ಟ್ರೀಯ ಜನಪದ ಕಲಾ ಮ್ಯೂಸಿಯಂಗೆ ಕೊಟ್ಟರು. 1964ರ ಆ ಮೊದಲ ಅಜ್ಜನೂ ಐದು ಮಕ್ಕಳೊಂದಿಗೆ ಅಲ್ಲಿಗೇ ಹೋದ. ಮೊನೊ ಎಂದು ಹೀಯಾಳಿಸಿದ್ದ ಹಳೆಯ ಕೊಚಿಟಿ ಗೊಂಬೆಗಳನ್ನು ಈಗ ಮ್ಯೂಸಿಯಂಗಳು ಉಗ್ರಾಣದಿಂದ ಹೊರತೆಗೆದು ಗಾಜಿನ ಕಪಾಟಿನಲ್ಲಿ ಇಡುತ್ತವೆ.

ಹೆಲೆನ್ ತೀರಿಕೊಂಡದ್ದು 1994ರ ಜುಲೈನಲ್ಲಿ. ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಕೆಲವರು ಅದೇ ಗೊಂಬೆಯನ್ನು ಮಾಡುವುದನ್ನು ಅವರಿಂದಲೇ ಕಲಿತಿದ್ದರು. ಸಾಂಟಿಯಾಗೊ ಕ್ವಿಂಟಾನಾ ಅವರನ್ನು ಆ ಮೊಮ್ಮಕ್ಕಳು ಕಂಡವರಲ್ಲ. ಅಜ್ಜಿಯ ಕೈ ನೋಡಿ ಕಲಿತದ್ದನ್ನೇ ಮಾಡುತ್ತಾರೆ. ಮೊದಲು ಅಜ್ಜನ ಮೈ, ಆಮೇಲೆ ಒಂದೊಂದಾಗಿ ಮಕ್ಕಳು, ಒಣಗಿದ ಮೇಲೆ ಮುಚ್ಚಿದ ಎರಡು ಕಣ್ಣುಗಳಿಗೆ ಕಪ್ಪು ಗೆರೆ.